ಹಳೇ ಪ್ಯಾಡ್ ಕೈಯಲ್ಲಿರಲಿ: ಪುಟ್ಟ ವಿಮಾನಕ್ಕೆ ಬ್ರೇಕ್ ಪ್ಯಾಡ್ ಹುಡುಕುವ ಬಗೆ

ತುಮಕೂರಿನಲ್ಲಿ ಎರಡು ಲಾರಿ ಇಟ್ಟುಕೊಂಡಿರುವ ಭಾವನಿಗೆ ಫೋನಿನಲ್ಲಿ ಗೋಳು ಹೇಳಿಕೊಂಡಿದ್ದೆ. ಕ್ಯಾಲಿಫೋರ್ನಿಯಾದಲ್ಲಿ ನಾವು ನಾಲ್ವರು ಪಾಲು ಹಾಕಿ ಕೊಂಡ ಎರಡು ಸೀಟಿನ ವಿಮಾನ ಅದು. ಬ್ರೇಕ್ ಪ್ಯಾಡ್ ಸವೆದಿತ್ತು. ವಿಮಾನದ ಹೆಸರು, ಮಾಡೆಲ್, ಇಸವಿ ಎಲ್ಲವನ್ನೂ ಕ್ರಮವಾಗಿ ಬರೆದು ಆರ್ಡರ್ ಕೊಟ್ಟಿದ್ದೆ. ಹತ್ತು ದಿನಕ್ಕೆ ಬಂದ ಡಬ್ಬಿ ಬಿಚ್ಚಿದರೆ ಪ್ಯಾಡಿನ ತೂತುಗಳು ಒಂದು ಕಡೆ, ನಮ್ಮ ಪ್ಲೇಟಿನ ತೂತುಗಳು ಇನ್ನೊಂದು ಕಡೆ. ಭಾವ ಜೋರಾಗಿ ನಕ್ಕ. “ಹಳೇದನ್ನ ಕೈಯಲ್ಲಿ ಹಿಡ್ಕೊಳ್ದೆ ಜೆ.ಸಿ. ರೋಡಿಗೆ ಸ್ಪೇರ್ ಪಾರ್ಟ್ ತರೋಕೆ ಯಾರಾದ್ರೂ ಹೋಗ್ತಾರೇನಯ್ಯ?”

ಲಾರಿಯ ಲೈನರಿಗೆ ಅನ್ವಯಿಸುವ ಆ ಮಾತು ವಿಮಾನಕ್ಕೂ ಮುಕ್ಕಾಲು ಪಾಲು ಅನ್ವಯಿಸುತ್ತದೆ. ಉಳಿದ ಕಾಲು ಪಾಲು ಕಾಗದದ್ದು. ಪ್ಯಾಡ್ ಎಷ್ಟೇ ಸರಿಯಾಗಿ ಕೂತರೂ ಅದನ್ನು ಹಾಕಲು ಅನುಮತಿ ಉಂಟೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ. ಮೊದಲ ಸಲ ಈ ಕೆಲಸಕ್ಕೆ ಇಳಿಯುವವರಿಗಾಗಿ, ನಾನು ಎಡವಿ ಕಲಿತದ್ದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ನಮ್ಮ ವಿಮಾನ ಸೇರುವ ಲಘು ಕ್ರೀಡಾ ವಿಮಾನ ಎಂಬ ವರ್ಗವನ್ನು ಅಮೆರಿಕದ ವಿಮಾನಯಾನ ಆಡಳಿತ, ಅಂದರೆ ಎಫ್‌ಎಎ, 2004ರಲ್ಲಿ ಹುಟ್ಟುಹಾಕಿತು. ನೆಲದಿಂದ ಏಳುವ ವಿಮಾನವಾದರೆ ಒಟ್ಟು ತೂಕ 600 ಕಿಲೋ ದಾಟುವಂತಿರಲಿಲ್ಲ. ಹೆಚ್ಚೆಂದರೆ ಎರಡು ಸೀಟು, ಒಂದೇ ಎಂಜಿನ್, ಒಳಕ್ಕೆ ಮಡಚದ ಗಾಲಿ, 120 ನಾಟ್ ಒಳಗಿನ ವೇಗ. 2025ರ ಜುಲೈನಲ್ಲಿ ಪ್ರಕಟವಾದ ಹೊಸ ನಿಯಮ ಈ ತೂಕದ ಗೆರೆಯನ್ನು ಅಳಿಸಿದೆ. ಆದರೆ ಇವತ್ತು ಹ್ಯಾಂಗರುಗಳಲ್ಲಿ ನಿಂತಿರುವ ಸಾವಿರಾರು ವಿಮಾನಗಳು ಹಳೇ ಗೆರೆಯೊಳಗೇ ಹುಟ್ಟಿದವು. ನಮ್ಮ ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ತಯಾರಿಸಿದ ಎಕ್ಸ್-ಏರ್ ವಿಮಾನದ ಒಂದು ಮಾದರಿಯೂ ಅಮೆರಿಕದಲ್ಲಿ ಇದೇ ವರ್ಗದಲ್ಲಿ ಮಾರಾಟವಾಗಿದೆ ಎಂಬುದು ಜಕ್ಕೂರು ವಿಮಾನ ನಿಲ್ದಾಣದ ಬೇಲಿಯಾಚೆ ನಿಂತು ವಿಮಾನ ನೋಡಿ ಬೆಳೆದವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ.

ಹಂತ 1: ಸವೆದಿರುವುದು ಪ್ಯಾಡೇ ಹೌದೋ ನೋಡಿ

ಬ್ರೇಕ್ ಹಿಡಿಯುತ್ತಿಲ್ಲ ಎಂದ ಕೂಡಲೇ ಪ್ಯಾಡ್ ಹುಡುಕಲು ಹೊರಡಬೇಡಿ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗೆ ಒಳಹೋದರೆ ಪೈಪಿನಲ್ಲಿ ಗಾಳಿ ಸೇರಿದೆ. ಪೆಡಲ್ ಗಟ್ಟಿಯಾಗಿದ್ದೂ ಗಾಲಿ ಜಾರಿಕೊಂಡು ಹೋದರೆ ಪ್ಯಾಡಿನ ಮೇಲೆ ಎಣ್ಣೆ ಬಿದ್ದಿರಬಹುದು, ಇಲ್ಲವೇ ಅದು ಸರಿಯಾಗಿ ಪಳಗಿಲ್ಲದಿರಬಹುದು. ಕಿರ್ರೆನ್ನುವ ಲೋಹದ ಸದ್ದು ಬಂತೆಂದರೆ ತಡವಾಯಿತು ಎಂದರ್ಥ: ಪ್ಯಾಡ್ ಮುಗಿದು ಅದನ್ನು ಹೊತ್ತಿದ್ದ ಪ್ಲೇಟೋ ರಿವೆಟ್ಟೋ ಡಿಸ್ಕನ್ನು ಕೆರೆಯುತ್ತಿದೆ. ಆಗ ಪ್ಯಾಡಿನ ಜೊತೆ ಡಿಸ್ಕಿನ ಖರ್ಚೂ ತಲೆಗೆ ಬರುತ್ತದೆ.

ಗಾಲಿಯ ಮೇಲಿನ ಫೇರಿಂಗ್, ಅಂದರೆ ಹೊದಿಕೆ, ತೆಗೆದು ಟಾರ್ಚ್ ಹಿಡಿದು ನೋಡಿ. ಹೆಚ್ಚಿನ ಪುಟ್ಟ ವಿಮಾನಗಳಲ್ಲಿ ಡಿಸ್ಕಿನ ಎರಡೂ ಬದಿ ಒಂದೊಂದು ಪ್ಯಾಡ್ ಇರುತ್ತದೆ. ಕ್ಲೀವ್‌ಲ್ಯಾಂಡ್ ಬ್ರೇಕುಗಳಿಗೆ ಕಂಪನಿಯ ಕೈಪಿಡಿ ಹೇಳುವ ಕನಿಷ್ಠ ದಪ್ಪ ಇಂಚಿನ ಹತ್ತನೇ ಒಂದು ಭಾಗ, ಅಂದರೆ 2.54 ಮಿಲಿಮೀಟರ್. ನಿಮ್ಮ ಬ್ರೇಕಿನ ಲೆಕ್ಕ ಬೇರೆ ಇರಬಹುದು. ಕೈಪಿಡಿ ಹೇಳಿದ್ದೇ ಅಂತಿಮ. ಅಳೆಯುವಾಗ ಪ್ಯಾಡನ್ನಷ್ಟೇ ಅಳೆಯಿರಿ, ಹಿಂದಿನ ಉಕ್ಕಿನ ಪ್ಲೇಟನ್ನು ಸೇರಿಸಬೇಡಿ. ಅತಿ ತೆಳುವಾದ ಮೂಲೆ ಎಲ್ಲಿದೆಯೋ ಆ ಅಳತೆಯೇ ಪ್ಯಾಡಿನ ಅಳತೆ.

ಒಂದು ಬದಿಯದು ಚೆನ್ನಾಗಿದ್ದು ಇನ್ನೊಂದು ಬದಿಯದು ಮುಗಿದಿದ್ದರೆ ಹೊಸ ಪ್ಯಾಡಿನಿಂದ ರೋಗ ವಾಸಿಯಾಗದು. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ತೇಲುವ ಕ್ಯಾಲಿಪರ್ ತನ್ನ ಪಿನ್ನುಗಳ ಮೇಲೆ ಸರಾಗವಾಗಿ ಜಾರಾಡಬೇಕು. ತುಕ್ಕೋ ಕೊಳೆಯೋ ಹಿಡಿದು ಸಿಕ್ಕಿಕೊಂಡರೆ ಒಂದೇ ಪ್ಯಾಡ್ ಎಲ್ಲ ಕೆಲಸ ಮಾಡುತ್ತದೆ.

ಬೇಗ ಸವೆಯುತ್ತಿದ್ದರೆ ಕಾರಣ ನಿಮ್ಮ ಕಾಲಲ್ಲೂ ಇರಬಹುದು. ಈ ವರ್ಗದ ಬಹಳಷ್ಟು ವಿಮಾನಗಳಲ್ಲಿ ಮೂಗಿನ ಗಾಲಿಗೆ ಸ್ಟೀರಿಂಗ್ ಇರುವುದಿಲ್ಲ, ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿಯ ಗಾಲಿಯ ಹಾಗೆ ತನ್ನಷ್ಟಕ್ಕೆ ತಿರುಗುತ್ತದೆ. ಎಡಕ್ಕೆ ತಿರುಗಬೇಕೆಂದರೆ ಎಡ ಬ್ರೇಕ್ ಒತ್ತಬೇಕು. ವ್ಯಾನ್ಸ್ ಕಂಪನಿಯ ಆರ್‌ವಿ-12, ಸೆಸ್ನಾದ ಸ್ಕೈಕ್ಯಾಚರ್ ಎರಡೂ ಈ ಜಾತಿಯವೇ. ಜೊತೆಗೆ ರೋಟಾಕ್ಸ್ 912 ಎಂಜಿನ್ನನ್ನು ತೀರಾ ಕಡಿಮೆ ಸುತ್ತಿನಲ್ಲಿ ಓಡಿಸಿದರೆ ಗೇರ್‌ಬಾಕ್ಸ್ ಕಟಕಟ ಎನ್ನುತ್ತದೆಂದು ಪೈಲಟ್‌ಗಳು ಸುತ್ತು ಸ್ವಲ್ಪ ಏರಿಸಿಯೇ ಇಡುತ್ತಾರೆ. ವಿಮಾನ ಹಗುರ, ಎಳೆತ ಸಾಕಷ್ಟು. ನಡಿಗೆಯ ವೇಗ ಓಟದ ವೇಗವಾಗುತ್ತದೆ. ಅದನ್ನು ತಡೆಯಲು ಬ್ರೇಕಿನ ಮೇಲೆ ಕಾಲು ಇಟ್ಟುಕೊಂಡೇ ರನ್‌ವೇವರೆಗೆ ಹೋಗುವ ಅಭ್ಯಾಸ ಬೀಳುತ್ತದೆ. ನಮ್ಮ ನಾಲ್ವರಲ್ಲಿ ಯಾರಿಗೆ ಆ ಅಭ್ಯಾಸವಿತ್ತು ಎಂಬುದು ಗೊತ್ತಾಗಿದೆ, ಇಲ್ಲಿ ಬೇಡ.

ಹಂತ 2: ವಿಮಾನದ ಹೆಸರು ಬದಿಗಿಡಿ, ಬ್ರೇಕಿನ ಹೆಸರು ಓದಿ

ನಾನು ಎಡವಿದ್ದು ಇಲ್ಲೇ. ವಿಮಾನದ ಕಂಪನಿಗಳು ಸಾಮಾನ್ಯವಾಗಿ ಬ್ರೇಕ್ ತಯಾರಿಸುವುದಿಲ್ಲ, ಕೊಂಡು ತಂದು ಜೋಡಿಸುತ್ತವೆ. ಒಂದೇ ಮಾದರಿಗೆ ಈ ವರ್ಷ ಒಬ್ಬರ ಬ್ರೇಕ್, ಎರಡು ವರ್ಷದ ನಂತರ ಇನ್ನೊಬ್ಬರದು ಎಂಬುದು ಮಾಮೂಲು. ಅದರ ಮೇಲೆ, ನಿಮಗಿಂತ ಮುಂಚಿನ ಮಾಲೀಕ ಗಾಲಿ ಸಮೇತ ಬೇರೆ ಬ್ರೇಕ್ ಹಾಕಿಸಿರಬಹುದು. ಆದ್ದರಿಂದ “ಇಂಥ ವಿಮಾನದ ಪ್ಯಾಡ್ ಕೊಡಿ” ಎಂದು ಕೇಳುವುದು “ಮದುವೆ ಮನೆಗೆ ಬಂದಿದ್ದರಲ್ಲ, ಅವರ ಫೋನ್ ನಂಬರ್ ಕೊಡಿ” ಎಂದ ಹಾಗೆ.

ಮೊಣಕಾಲೂರಿ ಕೂತು ಕ್ಯಾಲಿಪರ್ ಒರೆಸಿ. ಅಚ್ಚಿನಲ್ಲೇ ಮೂಡಿದ ಹೆಸರೋ, ಸಣ್ಣ ಫಲಕವೋ, ಕೊರೆದ ನಂಬರೋ ಇರುತ್ತದೆ. ಹೆಚ್ಚಾಗಿ ಎದುರಾಗುವ ಹೆಸರುಗಳು ಹೀಗಿವೆ: ಅಮೆರಿಕದಲ್ಲಿ ಪಾರ್ಕರ್ ಹ್ಯಾನಿಫಿನ್‌ಗೆ ಸೇರಿದ ಕ್ಲೀವ್‌ಲ್ಯಾಂಡ್, ಯೂಟಾದ ಮ್ಯಾಟ್ಕೊ, ಕ್ಯಾಲಿಫೋರ್ನಿಯಾದ ಗ್ರೋವ್, ಯೂರೋಪಿನಲ್ಲಿ ಇಟಲಿಯ ಮಾರ್ಕ್ ಇಂಜೆನ್ಯೊ, ಜರ್ಮನಿಯ ಟಾಸ್ಟ್, ಫ್ರಾನ್ಸಿನ ಬೆರಿಂಜರ್. ಬೆರಿಂಜರ್ ಮೋಟರ್‌ಸೈಕಲ್ ಬ್ರೇಕಿನಿಂದ ಶುರುಮಾಡಿ ವಿಮಾನಕ್ಕೆ ಬಂದ ಮನೆತನ. ಇನ್ನೂ ಹಗುರವಾದ ವಿಮಾನಗಳಲ್ಲಿ ಗೋ-ಕಾರ್ಟಿನಿಂದ ಬಂದ ಬ್ರೇಕುಗಳೂ ಕಂಡಾವು.

ಹೆಸರು ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು. ಕ್ಯಾಲಿಪರಿನ ನಂಬರ್ ಹಿಡಿದು ಬ್ರೇಕ್ ಕಂಪನಿಯ ಬಿಡಿಭಾಗಗಳ ಪಟ್ಟಿ ತೆರೆದರೆ ಲೈನಿಂಗಿನ ನಂಬರ್ ಅಲ್ಲಿರುತ್ತದೆ. ಗಮನಿಸಿ, ವಿಮಾನದ ಲೋಕದಲ್ಲಿ ಇದನ್ನು ಪ್ಯಾಡ್ ಎನ್ನುವುದಕ್ಕಿಂತ ಲೈನಿಂಗ್ ಎನ್ನುವುದೇ ಹೆಚ್ಚು. ನಮ್ಮ ಲಾರಿಯವರ ಲೈನರ್ ಅದಕ್ಕೆ ಹತ್ತಿರದ ನೆಂಟ.

ಒಂದು ಉದಾಹರಣೆ. ಕ್ಲೀವ್‌ಲ್ಯಾಂಡಿನ 066-10500 ಎಂಬ ಲೈನಿಂಗ್ ಸೆಸ್ನಾ 172, ಪೈಪರ್ ಚೆರೋಕಿಗಳಂಥ ಎಷ್ಟೋ ವಿಮಾನಗಳಲ್ಲಿದೆ. ಅದೇ ಆಕಾರದ್ದನ್ನು ವಿಸ್ಕಾನ್ಸಿನ್‌ನ ರ‍್ಯಾಪ್ಕೊ ಕಂಪನಿ ಎಫ್‌ಎಎ ಅನುಮತಿಯೊಂದಿಗೆ ತಯಾರಿಸಿ, ನಂಬರಿನ ಮುಂದೆ ‘ಆರ್‌ಎ’ ಎಂಬ ಎರಡು ಅಕ್ಷರ ಸೇರಿಸಿ ಮಾರುತ್ತದೆ. ಈ ಗುಟ್ಟು ತಿಳಿದರೆ ಎರಡು ಬೇರೆ ಹೆಸರಿನ ಡಬ್ಬಿಗಳು ಒಂದೇ ಜಾಗಕ್ಕೆ ಕೂರುವ ವಸ್ತುಗಳೆಂದು ಗೊತ್ತಾಗುತ್ತದೆ. ಆದರೆ ನಂಬರಿನ ಒಂದು ಅಂಕಿಯನ್ನೂ ಹಗುರವಾಗಿ ಕಾಣಬೇಡಿ: 066-10500 ಮತ್ತು 066-10600 ಅಕ್ಕಪಕ್ಕದ ನಂಬರುಗಳಾದರೂ ಬೇರೆ ಬೇರೆ ಪ್ಯಾಡುಗಳು.

ಹಂತ 3: ಕಾಗದ ತೆಗೆಯಿರಿ

ವಿಮಾನದೊಳಗೆ ಕಾಣುವಂತೆ ಇಟ್ಟಿರುವ ಅರ್ಹತಾ ಪತ್ರವನ್ನು ಓದಿ. ಅಮೆರಿಕದಲ್ಲಿ ಇದು ಎರಡು ಬಗೆ. ಕಾರ್ಖಾನೆಯಲ್ಲೇ ಸಿದ್ಧವಾಗಿ ಬಂದ ‘ಸ್ಪೆಷಲ್’ ವರ್ಗದ್ದಾದರೆ, ಅದರ ಪ್ರತಿ ಬಿಡಿಭಾಗಕ್ಕೂ ವಿಮಾನ ತಯಾರಕನೇ ಯಜಮಾನ. ಕೈಪಿಡಿಯಲ್ಲಿರುವ ಪ್ಯಾಡ್ ಬಿಟ್ಟು ಬೇರೆಯದನ್ನು ಹಾಕಬೇಕಾದರೆ ಆತನಿಂದ ಲಿಖಿತ ಒಪ್ಪಿಗೆ ಪತ್ರ ಬೇಕು. ಇಲ್ಲಿ ಅನುಭವಿ ಮೆಕ್ಯಾನಿಕ್‌ಗಳೂ ತಪ್ಪುತ್ತಾರೆ. ಸೆಸ್ನಾ 172ಕ್ಕೆ ಎಫ್‌ಎಎ ಅನುಮತಿ ಪಡೆದ ಪ್ಯಾಡ್ ಎಂದರೆ ಇನ್ನೂ ಉತ್ತಮವಲ್ಲವೇ, ಇದಕ್ಕೂ ಹಾಕಬಹುದಲ್ಲ ಎಂದುಕೊಳ್ಳುತ್ತಾರೆ. ಹಾಕಲು ಬರುವುದಿಲ್ಲ. ಆ ಅನುಮತಿ ಆ ವಿಮಾನಕ್ಕೆ. ಇದಕ್ಕೆ ತಯಾರಕನ ಮಾತೇ ಬೇಕು.

‘ಎಕ್ಸ್‌ಪೆರಿಮೆಂಟಲ್’ ವರ್ಗದ್ದಾದರೆ ಹಗ್ಗ ಸಡಿಲ. ಮಾಲೀಕ ತನ್ನ ವಿವೇಚನೆಯಿಂದ ಬೇರೆ ಪ್ಯಾಡ್ ಆರಿಸಬಹುದು. ಜವಾಬ್ದಾರಿಯೂ ಪೂರ್ತಿ ಅವನದೇ.

ತಯಾರಕನೇ ಬಾಗಿಲು ಮುಚ್ಚಿದ್ದರೆ? ಈ ವರ್ಗದಲ್ಲಿ ಅದು ಅಪರೂಪವಲ್ಲ. ಸಣ್ಣ ಕಂಪನಿಗಳು ಬಂದಷ್ಟೇ ಬೇಗ ಹೋಗಿವೆ, ದೊಡ್ಡ ಸೆಸ್ನಾ ಕೂಡ ತನ್ನ ಸ್ಕೈಕ್ಯಾಚರ್ ಉತ್ಪಾದನೆಯನ್ನು ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಸೆಸ್ನಾದ ಬೆನ್ನಿಗೆ ದೊಡ್ಡ ಸಂಸ್ಥೆ ಇದೆ. ಸಣ್ಣವರ ವಿಮಾನ ಕೊಂಡವರು ಒಪ್ಪಿಗೆ ಪತ್ರವನ್ನು ಯಾರಲ್ಲಿ ಕೇಳುವುದು? ಅಂಥವರಲ್ಲಿ ಅನೇಕರು ವಿಮಾನವನ್ನು ‘ಸ್ಪೆಷಲ್’ನಿಂದ ‘ಎಕ್ಸ್‌ಪೆರಿಮೆಂಟಲ್’ಗೆ ಬದಲಾಯಿಸಿಕೊಳ್ಳುತ್ತಾರೆ. ನಿಯಮದಲ್ಲಿ ಅದಕ್ಕೆ ದಾರಿ ಇದೆ. ಆದರೆ ಆಮೇಲೆ ಅದನ್ನು ಬಾಡಿಗೆಗೆ ಕೊಟ್ಟು ತರಬೇತಿ ನಡೆಸುವಂತಿಲ್ಲ. ಬರೀ ಪ್ಯಾಡಿಗಾಗಿ ಇಷ್ಟು ದೂರ ಹೋಗುವುದು ಬೇಡ, ಬೇರೆ ಕಾರಣಗಳೂ ಇದ್ದರೆ ಮಾತ್ರ.

ಯಾರು ಹಾಕಬಹುದು ಎಂಬುದನ್ನೂ ಈ ಹಂತದಲ್ಲೇ ತಿಳಿದುಕೊಳ್ಳಿ. ಈ ವರ್ಗದ ವಿಮಾನಗಳ ನಿರ್ವಹಣಾ ಕೈಪಿಡಿಯಲ್ಲಿ ಪ್ರತಿ ಕೆಲಸದ ಜೊತೆ ಅದನ್ನು ಮಾಡಲು ಯಾವ ಮಟ್ಟದ ಅರ್ಹತೆ ಬೇಕೆಂದು ಬರೆದಿರುತ್ತದೆ. ಅಮೆರಿಕದಲ್ಲಿ ಪೈಲಟ್ ಸ್ವತಃ ಮಾಡಬಹುದಾದ ಸಣ್ಣ ಕೆಲಸಗಳ ಪಟ್ಟಿಯಲ್ಲಿ ಟೈರ್ ಬದಲಿಸುವುದಿದೆ, ಬೇರಿಂಗಿಗೆ ಗ್ರೀಸ್ ತುಂಬುವುದಿದೆ, ಬ್ರೇಕ್ ಪ್ಯಾಡ್ ಎಂಬ ಮಾತು ಹೆಸರು ಹಿಡಿದು ಇಲ್ಲ. ಅರ್ಹ ಮೆಕ್ಯಾನಿಕ್ ಪಕ್ಕದಲ್ಲಿ ನಿಂತು ಮಾಡಿಸಿ ಸಹಿ ಹಾಕಿದರೆ ಎಲ್ಲರಿಗೂ ನೆಮ್ಮದಿ. ಭಾರತದಲ್ಲಿ ಖಾಸಗಿ ವಿಮಾನ ಹಾರಿಸುವವರು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮದಡಿ ಬರುತ್ತಾರೆ. ಜಕ್ಕೂರಿನ ಮೈಕ್ರೋಲೈಟ್ ಆಗಲಿ, ಎನ್‌ಸಿಸಿ ಕೆಡೆಟ್‌ಗಳ ಪಿಪಿಸ್ಟ್ರೆಲ್ ವೈರಸ್ ಆಗಲಿ, ಅಧಿಕಾರವಿರುವವರ ಸಹಿ ಬೀಳದೆ ಹಾರಬಾರದು.

ಹಂತ 4: ಅಳೆಯಿರಿ, ಗೀಚಿಕೊಳ್ಳಿ

ನಂಬರ್ ಸಿಕ್ಕಿದ್ದರೂ ಈ ಹಂತ ಬಿಡಬೇಡಿ. ಪ್ಯಾಡ್ ಬಿಚ್ಚಿದಾಗ ಅದನ್ನು ಗ್ರಾಫ್ ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆಯಿರಿ. ವರ್ನಿಯರಿನಿಂದ ಉದ್ದ, ಅಗಲ, ತೂತುಗಳ ವ್ಯಾಸ, ಒಂದು ತೂತಿನ ನಡುವಿನಿಂದ ಇನ್ನೊಂದರ ನಡುವಿಗೆ ಇರುವ ದೂರ, ಹಿಂಬದಿ ಪ್ಲೇಟಿನ ದಪ್ಪ ಬರೆದುಕೊಳ್ಳಿ. ಡಿಸ್ಕಿನ ದಪ್ಪವನ್ನೂ ಅಳೆಯಿರಿ. ಅದಕ್ಕೂ ಒಂದು ಕನಿಷ್ಠ ಮಿತಿ ಇದೆ. ಪಕ್ಕದಲ್ಲಿ ಸ್ಕೇಲ್ ಇಟ್ಟು ಮುಂಬದಿ, ಹಿಂಬದಿ ಎರಡು ಫೋಟೊ ತೆಗೆಯಿರಿ.

ಪ್ಯಾಡ್ ಎರಡು ಬಗೆಯದು. ಒಂದು, ಪ್ಲೇಟಿಗೆ ರಿವೆಟ್ ಹೊಡೆದು ಕೂರಿಸುವಂಥದ್ದು. ಲೈನಿಂಗ್ ಮಾತ್ರ ಬದಲಾಗುತ್ತದೆ, ಪ್ಲೇಟ್ ಹಳೆಯದೇ ಉಳಿಯುತ್ತದೆ. ಇದಾದರೆ ರಿವೆಟ್ಟುಗಳನ್ನೂ ಪಟ್ಟಿಗೆ ಸೇರಿಸಿ. ಮೇಲೆ ಹೇಳಿದ 066-10500ಕ್ಕೆ ಹೋಗುವ ರಿವೆಟ್ 105-00200. ಹೊಸ ಲೈನಿಂಗ್ ಬಂದು ರಿವೆಟ್ ಬರದೆ ಭಾನುವಾರ ಹಾಳಾದವರ ಸಂಖ್ಯೆ ಸಣ್ಣದಲ್ಲ. ಇನ್ನೊಂದು, ಬೈಕಿನ ಪ್ಯಾಡಿನಂತೆ ಉಕ್ಕಿನ ಪ್ಲೇಟಿಗೆ ಅಂಟಿಸಿಯೇ ಬರುವಂಥದ್ದು. ಇದರಲ್ಲಿ ಪ್ಲೇಟ್ ಸಮೇತ ಬದಲಾಯಿಸಬೇಕು.

ವಸ್ತುವಿನಲ್ಲೂ ಎರಡು ಜಾತಿ: ನಾರು ಮತ್ತು ಅಂಟಿನ ಮಿಶ್ರಣದ ಆರ್ಗ್ಯಾನಿಕ್, ಲೋಹದ ಪುಡಿ ಒತ್ತಿ ಬೇಯಿಸಿದ ಮೆಟಾಲಿಕ್. ಮೆಟಾಲಿಕ್ ಬಿಸಿ ತಡೆಯುತ್ತದೆ, ಡಿಸ್ಕನ್ನು ಹೆಚ್ಚು ಸವೆಸುತ್ತದೆ. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕುವುದು, ಅಥವಾ ಎಡಗಾಲಿಗೆ ಒಂದು ಬಲಗಾಲಿಗೆ ಒಂದು ಹಾಕುವುದು ಬೇಡವೇ ಬೇಡ. ವಿಮಾನ ಒಂದು ಕಡೆಗೆ ಎಳೆದುಕೊಂಡು ಹೋಗುತ್ತದೆ. ಎಣಿಕೆಯೂ ನೆನಪಿರಲಿ. ಒಂದು ಪಿಸ್ಟನ್ನಿನ ಕ್ಯಾಲಿಪರ್ ಆದರೆ ಗಾಲಿಗೆ ಎರಡರಂತೆ ಒಟ್ಟು ನಾಲ್ಕು.

ಹಂತ 5: ಕೇಳುವ ಕ್ರಮ

ಮೊದಲು ವಿಮಾನ ತಯಾರಕ ಅಥವಾ ಆತನ ದೇಶೀಯ ಡೀಲರ್. ಬೆಲೆ ಹೆಚ್ಚಿರಬಹುದು, ಆದರೆ ಕಾಗದ ಜೊತೆಗೇ ಬರುತ್ತದೆ. “ಈ ಸೀರಿಯಲ್ ನಂಬರಿನ ವಿಮಾನಕ್ಕೆ ಯಾವ ಲೈನಿಂಗ್? ಬ್ರೇಕ್ ಕಂಪನಿಯಿಂದ ನೇರವಾಗಿ ಕೊಂಡರೆ ನಿಮ್ಮ ಒಪ್ಪಿಗೆ ಇದೆಯೇ?” ಎಂದು ಬರೆದು ಕೇಳಿ. ಎಷ್ಟೋ ತಯಾರಕರು ಹೌದು ಎನ್ನುತ್ತಾರೆ. ಆ ಉತ್ತರವನ್ನು ಮುದ್ರಿಸಿ ವಿಮಾನದ ಕಡತದಲ್ಲಿಡಿ.

ಎರಡನೆಯದು ಬ್ರೇಕ್ ಕಂಪನಿ. ಮೂರನೆಯದು ಏರ್‌ಕ್ರಾಫ್ಟ್ ಸ್ಪ್ರೂಸ್‌ನಂಥ ದೊಡ್ಡ ಬಿಡಿಭಾಗ ಮಾರಾಟಗಾರರು. ಇವರ ಪಟ್ಟಿಯಲ್ಲಿ ಹುಡುಕುವಾಗ ವಿಮಾನದ ಹೆಸರು ಹಾಕದೆ ಲೈನಿಂಗಿನ ನಂಬರನ್ನೇ ಹಾಕಿ.

ಅಲ್ಲೆಲ್ಲೂ ಸಿಗದಿದ್ದರೆ ಅದೇ ಮಾದರಿಯ ಇತರ ಮಾಲೀಕರನ್ನು ವಿಚಾರಿಸಿ. ಅವರು ಹೇಳುವ ‘ಇದು ಸರಿಯಾಗಿ ಕೂರುತ್ತೆ’ ಎಂಬ ಮಾತು ಸುಳಿವು ಮಾತ್ರ. ಅವರದು ಎಕ್ಸ್‌ಪೆರಿಮೆಂಟಲ್ ಇದ್ದು ನಿಮ್ಮದು ಸ್ಪೆಷಲ್ ಇದ್ದರೆ ಅವರಿಗೆ ಸರಿಯಾದದ್ದು ನಿಮಗೆ ತಪ್ಪು.

ಈಗ ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ. ನೋಡಲು ಥೇಟ್ ಬೈಕಿನ ಪ್ಯಾಡಿನಂತೆಯೇ ಇದೆ, ಬೆಲೆ ಕಾಲು ಭಾಗ, ತಂದು ಹಾಕಿದರೇನು? ಲೆಕ್ಕ ಹಾಕೋಣ. 600 ಕಿಲೋ ವಿಮಾನ 45 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 83 ಕಿಲೋಮೀಟರಿನಲ್ಲಿ, ನೆಲ ಮುಟ್ಟಿತೆನ್ನಿ. ಅದರ ಚಲನಶಕ್ತಿ ಸುಮಾರು 1.6 ಲಕ್ಷ ಜೂಲ್. ಇಬ್ಬರು ಕೂತ ಬುಲೆಟ್ ಬೈಕು 350 ಕಿಲೋ ಎಂದುಕೊಂಡರೆ ಅದೇ ವೇಗದಲ್ಲಿ ಸುಮಾರು 94 ಸಾವಿರ ಜೂಲ್. ವಿಮಾನದ್ದು ಅದರ ಒಂದೂಮುಕ್ಕಾಲು ಪಟ್ಟು. ಗಾಳಿಯ ತಡೆ ಒಂದಷ್ಟನ್ನು ನುಂಗುತ್ತದೆ ನಿಜ, ಆದರೆ ಗ್ರಾಂ ಗ್ರಾಂ ತೂಕ ಉಳಿಸಲು ವಿಮಾನದ ಡಿಸ್ಕನ್ನು ತೆಳುವಾಗಿ ಮಾಡಿರುತ್ತಾರೆ, ಬಿಸಿ ಹೀರಿಕೊಳ್ಳುವ ಲೋಹವೇ ಕಡಿಮೆ. ಫೇರಿಂಗ್ ಮುಚ್ಚಿರುವುದರಿಂದ ಗಾಳಿಯೂ ಆಡದು. ಬ್ರೇಕ್ ಕಾದು ರಬ್ಬರ್ ರಿಂಗ್ ಸುಟ್ಟು, ಸೋರಿದ ಎಣ್ಣೆಗೆ ಬೆಂಕಿ ಹತ್ತಿದ ಪ್ರಸಂಗಗಳು ಈ ವರ್ಗದಲ್ಲಿ ನಡೆದಿವೆ.

ಇನ್ನು ಹಿಡಿತ. ಬೈಕು, ಕಾರಿನ ಪ್ಯಾಡುಗಳ ಹಿಂದೆ ಎಫ್‌ಎಫ್, ಜಿಜಿ, ಎಚ್‌ಎಚ್ ಎಂದು ಎರಡಕ್ಷರ ಕೊರೆದಿರುವುದನ್ನು ಕಂಡಿರಬಹುದು. ಮೊದಲ ಅಕ್ಷರ ಸಾಮಾನ್ಯ ಬಿಸಿಯಲ್ಲಿನ ಘರ್ಷಣೆ, ಎರಡನೆಯದು ಚೆನ್ನಾಗಿ ಕಾದಾಗಿನದು. ವರ್ಣಮಾಲೆಯಲ್ಲಿ ಮುಂದಕ್ಕೆ ಹೋದಷ್ಟೂ ಹಿಡಿತ ಜಾಸ್ತಿ: ಎಫ್ ಅಂದರೆ 0.35ರಿಂದ 0.45, ಎಚ್ ಅಂದರೆ 0.55ಕ್ಕೂ ಮೇಲೆ. ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ಲವೇ ಎನ್ನಬೇಡಿ. ಬಾಲದ ಗಾಲಿಯ ಹಗುರ ವಿಮಾನದಲ್ಲಿ ಬ್ರೇಕ್ ಗಬಕ್ಕನೆ ಕಚ್ಚಿದರೆ ಬಾಲ ಮೇಲೆದ್ದು ಪ್ರೊಪೆಲ್ಲರ್ ನೆಲಕ್ಕೆ ಬಡಿಯುತ್ತದೆ. ಉಳಿಸಿದ ದುಡ್ಡಿಗೆ ಪ್ರೊಪೆಲ್ಲರಿನ ತುದಿ ಕೂಡ ಬಾರದು. ಎಕ್ಸ್‌ಪೆರಿಮೆಂಟಲ್ ಮಾಲೀಕರಲ್ಲಿ ಅಳೆದು ತೂಗಿ ಇಂಥ ಬದಲಿ ಮಾಡಿಕೊಂಡವರಿದ್ದಾರೆ. ಹೊಸಬರು ಆ ದಾರಿ ಹಿಡಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ವಿದೇಶದಿಂದ ತರಿಸುವವರು ಎರಡು ಸೆಟ್ ತರಿಸಿ. ಸಾಗಣೆ ಖರ್ಚು ಒಂದಕ್ಕೂ ಎರಡಕ್ಕೂ ಹೆಚ್ಚು ಕಡಿಮೆ ಒಂದೇ.

ಹಂತ 6: ಡಬ್ಬಿ ಬಂದಾಗ

ಗ್ರಾಫ್ ಹಾಳೆ ತೆಗೆದು ಹೊಸದನ್ನು ಗೆರೆಯ ಮೇಲಿಡಿ. ತೂತಿಗೆ ತೂತು ಕೂಡಬೇಕು. ಡಬ್ಬಿಯ ನಂಬರೂ ಒಳಗಿನ ಚೀಟಿಯ ನಂಬರೂ ಒಂದೇ ಇರಬೇಕು. ಬಿರುಕು, ಮುಕ್ಕಾದ ಅಂಚು, ಪ್ಲೇಟಿನಿಂದ ಎದ್ದಿರುವ ಅಂಟು ಕಂಡರೆ ಹಿಂದಕ್ಕೆ ಕಳಿಸಿ. ಕಾಗದವಿಲ್ಲದ, ಪ್ಲಾಸ್ಟಿಕ್ ಚೀಲದಲ್ಲಿ ಬಂದ, ‘ಅದೇ ಕಣ್ರೀ’ ಎಂದು ಮಾರಿದ ಪ್ಯಾಡ್ ಎಷ್ಟು ಅಗ್ಗವಾದರೂ ಬೇಡ.

ಹಂತ 7: ಹಾಕುವಾಗ

ಕ್ಲೀವ್‌ಲ್ಯಾಂಡ್ ಮಾದರಿಯ ಬ್ರೇಕಿನಲ್ಲಿ ಗಾಲಿ ಬಿಚ್ಚಬೇಕಿಲ್ಲ, ಎಣ್ಣೆಯ ಪೈಪನ್ನೂ ಮುಟ್ಟಬೇಕಿಲ್ಲ. ಗಾಲಿಗೆ ಅಡ್ಡಿ ಇಟ್ಟು, ಹಿಂಬದಿ ಪ್ಲೇಟಿನ ಬೋಲ್ಟುಗಳನ್ನು ಬಿಚ್ಚಿದರೆ ಕ್ಯಾಲಿಪರ್ ಪಿನ್ನುಗಳ ಮೇಲಿಂದ ಜಾರಿ ಕೈಗೆ ಬರುತ್ತದೆ. ಅದನ್ನು ಪೈಪಿನ ಮೇಲೆ ನೇತಾಡಲು ಬಿಡಬೇಡಿ. ಒಳಗಿನ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಹಳೇ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು.

ರಿವೆಟ್ ಹೊಡೆಯಲು ಅಗ್ಗದ, ಕೈಯಲ್ಲೇ ನಡೆಸುವ ಉಪಕರಣ ಸಿಗುತ್ತದೆ. ಹೊಡೆದಾದ ಮೇಲೆ ಲೈನಿಂಗ್ ಅಲ್ಲಾಡಬಾರದು, ರಿವೆಟ್ಟಿನ ಅರಳಿದ ಬಾಯಿ ಸೀಳಿರಬಾರದು. ಹೊಸ ಪ್ಯಾಡ್ ದಪ್ಪ, ಆದ್ದರಿಂದ ಪಿಸ್ಟನ್ನನ್ನು ಹಿಂದಕ್ಕೆ ಒತ್ತಬೇಕಾಗುತ್ತದೆ. ಒತ್ತಿದಾಗ ಎಣ್ಣೆ ಮೇಲೇರಿ ಡಬ್ಬಿಯಿಂದ ಚೆಲ್ಲಬಹುದು, ಒಬ್ಬರು ಅಲ್ಲಿ ಬಟ್ಟೆ ಹಿಡಿದು ನಿಂತಿರಲಿ. ಬೋಲ್ಟ್ ಬಿಗಿಸುವ ಬಲವನ್ನು ಕೈಪಿಡಿ ಇಂಚು-ಪೌಂಡಿನಲ್ಲಿ ಹೇಳಿದ್ದರೆ ಅದನ್ನು ಅಡಿ-ಪೌಂಡ್ ಎಂದು ಓದಿಬಿಟ್ಟವರು ಹನ್ನೆರಡು ಪಟ್ಟು ಬಿಗಿಸಲು ಹೋಗಿ ಬೋಲ್ಟನ್ನೇ ಮುರಿದಿದ್ದಾರೆ.

ಎಣ್ಣೆ ಹಾಕಬೇಕಾಗಿ ಬಂದರೆ ಒಂದು ಕ್ಷಣ ನಿಲ್ಲಿ. ವಿಮಾನದ ಬ್ರೇಕಿನಲ್ಲಿ ಎರಡು ಬೇರೆ ಬೇರೆ ಕುಲದ ದ್ರವಗಳಿವೆ. ಒಂದು 5606 ಎಂದು ಕರೆಯುವ ಕೆಂಪು ಖನಿಜ ತೈಲ. ಇನ್ನೊಂದು ಕಾರಿನಲ್ಲಿ ಹಾಕುವ ಡಾಟ್ 3 ಅಥವಾ ಡಾಟ್ 4. ಮೊದಲನೆಯದಕ್ಕೆ ಹೊಂದುವ ರಬ್ಬರ್ ರಿಂಗ್ ನೈಟ್ರೈಲ್, ಎರಡನೆಯದಕ್ಕೆ ಇಪಿಡಿಎಂ. ಅದಲು ಬದಲಾದರೆ ರಿಂಗ್ ಉಬ್ಬಿ ಮೆತ್ತಗಾಗಿ ಬ್ರೇಕ್ ಕಚ್ಚಿಕೊಂಡೋ ಸೋರಿಯೋ ಕೆಡುತ್ತದೆ, ಆಮೇಲೆ ಇಡೀ ವ್ಯವಸ್ಥೆಯನ್ನು ಬಿಚ್ಚಿ ತೊಳೆಯಬೇಕು. ಒಂದು ಹನಿ ಕೂಡ ಬೆರೆಸಬೇಡಿ. ಬಣ್ಣ ನೋಡಿ ತೀರ್ಮಾನಿಸಲೂ ಬೇಡಿ. ಹಳತಾದ ಕೆಂಪು ತೈಲ ಬಣ್ಣ ಕಳೆದುಕೊಂಡಿರುತ್ತದೆ. ಕೈಪಿಡಿ, ಲಾಗ್‌ಬುಕ್, ಎಣ್ಣೆ ಡಬ್ಬಿಯ ಮುಚ್ಚಳ, ಈ ಮೂರೂ ಒಂದೇ ಮಾತು ಹೇಳಬೇಕು.

ಹಂತ 8: ಪಳಗಿಸುವುದು

ಹೊಸ ಎತ್ತನ್ನು ಮೊದಲ ದಿನವೇ ಗಾಡಿಗೆ ಕಟ್ಟಿ ಸಂತೆಗೆ ಹೊಡೆಯುವುದಿಲ್ಲ. ಹೊಸ ಪ್ಯಾಡೂ ಹಾಗೆಯೇ. ಆರ್ಗ್ಯಾನಿಕ್ ಪ್ಯಾಡಿನ ಮೈಮೇಲೆ ಬಿಸಿಯಿಂದ ಒಂದು ತೆಳು ಹೊಳಪು ಪದರ ಮೂಡಬೇಕು, ಆಗಲೇ ಅದರ ಪೂರ್ತಿ ಹಿಡಿತ. ಕ್ಲೀವ್‌ಲ್ಯಾಂಡ್ ಹೇಳುವ ವಿಧಾನ ಇದು: ಎಂಜಿನ್ ನಿಮಿಷಕ್ಕೆ 1700 ಸುತ್ತಿನಲ್ಲಿಟ್ಟು, ಗಂಟೆಗೆ 5ರಿಂದ 10 ಮೈಲಿ ದಾಟದಂತೆ ಬ್ರೇಕ್ ಒತ್ತುತ್ತಾ 1500 ಅಡಿ, ಅಂದರೆ ಸುಮಾರು 450 ಮೀಟರ್, ನಡೆಸಿ. ಆಮೇಲೆ 10ರಿಂದ 15 ನಿಮಿಷ ಆರಲು ಬಿಡಿ. ನಂತರ ನಿಂತಲ್ಲೇ ಥ್ರಾಟಲ್ ಏರಿಸಿ ಬ್ರೇಕ್ ಹಿಡಿಯುತ್ತದೋ ನೋಡಿ. ಹಿಡಿಯದಿದ್ದರೆ ಪೂರ್ತಿ ತಣ್ಣಗಾದ ಮೇಲೆ ಇನ್ನೊಂದು ಸಲ.

ರೋಟಾಕ್ಸ್ ಇರುವವರು ಆ 1700ನ್ನು ಹಾಗೆಯೇ ನಕಲು ಮಾಡಬೇಡಿ. ಆ ಸಂಖ್ಯೆ ಪ್ರೊಪೆಲ್ಲರನ್ನು ನೇರವಾಗಿ ತಿರುಗಿಸುವ ಎಂಜಿನ್ನುಗಳ ಕಾಲದ್ದು. ರೋಟಾಕ್ಸ್ 912ರಲ್ಲಿ ನಡುವೆ ಗೇರ್ ಇದೆ. 100 ಅಶ್ವಶಕ್ತಿಯದರಲ್ಲಿ ಎಂಜಿನ್ 2.43 ಸುತ್ತು ತಿರುಗಿದರೆ ಪ್ರೊಪೆಲ್ಲರ್ ಒಂದು ಸುತ್ತು. ಎಂಜಿನ್ 1700 ಎಂದರೆ ಪ್ರೊಪೆಲ್ಲರ್ ಬರೀ 700. ಅಷ್ಟಕ್ಕೆ ಪ್ಯಾಡ್ ಬೆಚ್ಚಗೂ ಆಗದು. ವೇಗ ಮತ್ತು ದೂರವನ್ನು ಹಿಡಿದುಕೊಳ್ಳಿ, ಸುತ್ತಿನ ಸಂಖ್ಯೆಯನ್ನು ನಿಮ್ಮ ವಿಮಾನದ ಕೈಪಿಡಿಯಿಂದ ತೆಗೆದುಕೊಳ್ಳಿ.

ಮೆಟಾಲಿಕ್ ಪ್ಯಾಡಿನ ಕ್ರಮವೇ ಬೇರೆ: ಗಂಟೆಗೆ 30ರಿಂದ 35 ಮೈಲಿ ವೇಗದಿಂದ ಪೂರ್ತಿ ನಿಲ್ಲುವಷ್ಟು ಬ್ರೇಕ್, ಡಿಸ್ಕ್ ತಣ್ಣಗಾಗುವ ಮೊದಲೇ ಇನ್ನೊಂದು ಸಲ ಹಾಗೆಯೇ. ಉದ್ದನೆಯ ಖಾಲಿ ರನ್‌ವೇ ಬೇಕು, ಟವರ್ ಇದ್ದರೆ ಮೊದಲೇ ಹೇಳಿರಬೇಕು.

ಪಳಗಿಸಿದ ಮೇಲೆ ಫೇರಿಂಗ್ ಮುಚ್ಚುವ ಮುನ್ನ ಮತ್ತೊಮ್ಮೆ ಟಾರ್ಚ್ ಹಾಕಿ ನೋಡಿ: ಎಣ್ಣೆಯ ತೇವ ಇಲ್ಲ, ಬೋಲ್ಟುಗಳ ಲಾಕಿಂಗ್ ತಂತಿ ಇದೆ, ಗಾಲಿ ಕೈಯಲ್ಲಿ ತಿರುಗಿಸಿದರೆ ತಿರುಗುತ್ತದೆ. ಲಾಗ್‌ಬುಕ್ಕಿನಲ್ಲಿ ತಾರೀಖು, ಎಂಜಿನ್ ಗಂಟೆ, ಲೈನಿಂಗಿನ ನಂಬರ್, ಕ್ಯಾಲಿಪರಿನ ನಂಬರ್, ಸಹಿ.

ನಾವು ಎರಡನೇ ಸೆಟ್ಟನ್ನು ಹ್ಯಾಂಗರಿನ ಅಲಮಾರಿಯಲ್ಲಿ ಹಳೇ ಬಿಸ್ಕತ್ ಡಬ್ಬಿಯೊಂದರಲ್ಲಿ ಇಟ್ಟಿದ್ದೇವೆ. ಅದರೊಳಗೆ ರಿವೆಟ್ಟುಗಳ ಪೊಟ್ಟಣ, ಗ್ರಾಫ್ ಹಾಳೆ, ತಯಾರಕನ ಪತ್ರದ ಪ್ರತಿ, ಮತ್ತೆ ಸವೆದ ಹಳೇ ಪ್ಯಾಡೊಂದು. ಮುಚ್ಚಳದ ಮೇಲೆ ದಪ್ಪ ಮಾರ್ಕರಿನಲ್ಲಿ ಲೈನಿಂಗಿನ ನಂಬರ್ ಬರೆದಿದೆ. ಅದರ ಕೆಳಗೆ ಕನ್ನಡದಲ್ಲಿ ‘ಭಾವನ ಡಬ್ಬಿ’ ಎಂದು. ಉಳಿದ ಮೂವರು ಪಾಲುದಾರರಿಗೆ ಕನ್ನಡ ಬಾರದು, ಆದರೂ ಪ್ಯಾಡಿನ ಮಾತು ಬಂದಾಗೆಲ್ಲ ಆ ಹೆಸರು ಹೇಳಿಯೇ ಕೇಳುತ್ತಾರೆ.